ಪೇಟಿಯ ಮೇಲೆ ಪಾಟಿಚೀಲ: ಮಕ್ಕಳ ಸಂಗೀತಕ್ಕೆ ಫೀ ಇನ್ನೆಷ್ಟು ದಿನ?

ನಮ್ಮ ಪಡಸಾಲೆಯ ಮೂಲೆಯಲ್ಲಿ ಒಂದು ಪೇಟಿ ಇದೆ. ಬೇರೆ ಕಡೆ ಹಾರ್ಮೋನಿಯಂ ಅನ್ನುತ್ತಾರೆ. ನಮ್ಮ ಧಾರವಾಡ ಸೀಮೆಯಲ್ಲಿ ಅದು ಪೇಟಿ, ನುಡಿಸುವವನು ಪೇಟಿ ಮಾಸ್ತರ. ಕಳೆದ ದೀಪಾವಳಿಗೆ ಅದರ ಮೇಲೊಂದು ಹಳೆಯ ಟವೆಲ್ಲು ಬಿತ್ತು. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಟವೆಲ್ಲಿನ ಮೇಲೆ ಪಾಟಿಚೀಲ ಬಂದು ಕೂತಿತು. ಸಂಕ್ರಾಂತಿಗೆ ಪಾಟಿಚೀಲದ ಮೇಲೆ ಕ್ರಿಕೆಟ್ ಬ್ಯಾಟು. ಒಂದು ಭಾನುವಾರ ಎಲ್ಲವನ್ನೂ ಕೆಳಗಿಳಿಸಿ ತಿದಿ ಎಳೆದು ನೋಡಿದೆ. ಮಡಿಕೆಗಳ ನಡುವೆ ಜೇಡ ಬಲೆ ಕಟ್ಟಿತ್ತು. ಒಂದು ಮನೆ (ಕೀ) ಒತ್ತಿದರೆ ಮೇಲೇಳದೆ ಅಲ್ಲೇ ಕೂತು ಕೀಂ ಎಂದು ಒದರುತ್ತಲೇ ಇತ್ತು. ಫೀ ಮಾತ್ರ ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ತಪ್ಪದೆ ಹೋಗಿತ್ತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿದೆ.

"ಏನಪಾ, ಸಂಗೀತ ಬ್ಯಾಡೇನು?"

ಒಂಬತ್ತನೇ ಇಯತ್ತೆಯ ಮಗ ರೊಟ್ಟಿ ಮುರಿಯುತ್ತಿದ್ದವನು ತಲೆ ಎತ್ತಲಿಲ್ಲ. "ಬ್ಯಾಡ ಅಂತಲ್ಲಪ್ಪಾ... ಆಗವಲ್ದು."

ಅವನ ತಾಯಿ ಒಲೆಯ ಮುಂದಿನಿಂದಲೇ ಅಂದಳು: "ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಐತಿ. ಬಿಡಿಸಿಬಿಡ್ರಿ."

ಬ್ಯಾಡ ಅನ್ನುವುದು ಬೇರೆ, ಆಗವಲ್ದು ಅನ್ನುವುದು ಬೇರೆ. ಆ ಒಂದು ಮಾತಿನ ಹಿಂದೆ ಏನಿದೆ ಎಂದು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು. ಆ ತಿಂಗಳಲ್ಲಿ ಕಂಡದ್ದನ್ನೂ, ಸುತ್ತಲಿನ ಪಾಲಕರಿಂದ ಮತ್ತು ಇಬ್ಬರು ಮೂವರು ಸಂಗೀತದ ಮಾಸ್ತರರಿಂದ ಕೇಳಿ ತಿಳಿದದ್ದನ್ನೂ ಇಲ್ಲಿ ಬರೆದಿದ್ದೇನೆ. ಅಣ್ಣಿಗೇರಿ, ನವಲಗುಂದ, ಕುಂದಗೋಳ, ಕಲಘಟಗಿ ಕಡೆಯ ಮನೆಗಳಲ್ಲಿ ಈ ಪ್ರಶ್ನೆ ಏಳುವುದು ಹೆಚ್ಚಾಗಿ ಎರಡೇ ಹೊತ್ತಿಗೆ: ಒಂಬತ್ತು ಮುಗಿಸಿ ಹತ್ತಕ್ಕೆ ಹೋಗುವಾಗ, ಇಲ್ಲವೇ ಬೆಳೆ ಕೈಕೊಟ್ಟ ವರ್ಷ. ಎರಡೂ ಹೊತ್ತಿನಲ್ಲಿ ಮನೆಯವರ ತಲೆ ಬಿಸಿಯಾಗಿರುತ್ತದೆ. ಬಿಸಿಯಲ್ಲಿ ಬಿಡಿಸಿದ ಸಂಗೀತ ಮತ್ತೆ ಹತ್ತುವುದು ಅಪರೂಪ.

ಮಣ್ಣಿನ ಭಾರ

ಮೊದಲು ತಲೆಯಿಂದ ಇಳಿಸಬೇಕಾದದ್ದು "ಧಾರವಾಡದ ಮಣ್ಣೇ ಹಾಡತೈತಿ" ಅನ್ನುವ ಮಾತು. ಅಮ್ಮಿನಭಾವಿಯಲ್ಲಿ 1886ರಲ್ಲಿ ಹುಟ್ಟಿ ಕುಂದಗೋಳದಲ್ಲಿ ಬೆಳೆದ ರಾಮಭಾವು ಸವಾಯಿ ಗಂಧರ್ವರಾದರು. ಮನಸೂರಿನ ಮಲ್ಲಿಕಾರ್ಜುನ, ಕುಂದಗೋಳ ತಾಲ್ಲೂಕಿನ ಯಲಿವಾಳದ ಬಸವರಾಜ ರಾಜಗುರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್, ಪಕ್ಕದ ರೋಣದ ಭೀಮಸೇನ ಜೋಶಿ, ಇಷ್ಟು ಹೆಸರುಗಳನ್ನು ಸಭೆಯಲ್ಲಿ ಹೇಳುವುದು ಚಂದ. ಹದಿನಾಲ್ಕರ ಹುಡುಗನ ತಲೆಯ ಮೇಲೆ ಹೇರಿದರೆ ಅದು ಮೂಟೆ. ನಮ್ಮ ಎರೆ ಮಣ್ಣು ಕಡಲೆ ಬೆಳೆಯುತ್ತದೆ, ಜೋಳ ಬೆಳೆಯುತ್ತದೆ, ಹತ್ತಿ ಬೆಳೆಯುತ್ತದೆ. ಹಾಡಿದ್ದನ್ನು ನಾನು ಕೇಳಿಲ್ಲ.

ಆ ದೊಡ್ಡವರ ಹಿಂದೆ ಇದ್ದದ್ದೇನು ಎಂದು ನೋಡಿದರೆ ತಿಂಗಳ ಫೀಗೂ ಅದಕ್ಕೂ ಸಂಬಂಧವೇ ಕಾಣುವುದಿಲ್ಲ. ಕುಂದಗೋಳದ ನಾಡಗೇರ ವಾಡೆಯಂಥ ಆಶ್ರಯ ಇತ್ತು. ಊರೂರು ತಿರುಗುವ ನಾಟಕ ಕಂಪನಿಗಳಿದ್ದವು. ಮಗಳು ಗಂಗೂಬಾಯಿಯ ಹಿಂದೂಸ್ತಾನಿ ಗಾಯನದಲ್ಲಿ ತನ್ನ ಕರ್ನಾಟಕಿ ಬೆರೆಯಬಾರದೆಂದು ತಾನು ಹಾಡುವುದನ್ನೇ ಬಿಟ್ಟ ಅಂಬಾಬಾಯಿಯಂಥ ತಾಯಿ ಇದ್ದಳು. ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದರು. ಕೊನೆಗೆ ಗುರುವಾಗಿ ಸವಾಯಿ ಗಂಧರ್ವರು ಸಿಕ್ಕಿದ್ದು ತಿರುಗಿ ಬಂದ ಮೇಲೆ, ತಮ್ಮೂರಿಗೆ ದೂರವೇನೂ ಅಲ್ಲದ ಕುಂದಗೋಳದಲ್ಲಿ. ನಮ್ಮ ಮಕ್ಕಳು ಓಡಿಹೋಗುವುದು ಬೇಡ. ಅವರು ಭೀಮಸೇನರಾಗುವುದಕ್ಕಾಗಿ ನಾವು ಫೀ ಕೊಡುತ್ತಲೂ ಇಲ್ಲ.

ಮತ್ತೆ ಯಾತಕ್ಕೆ? ನಾನು ಕೊಟ್ಟುಕೊಂಡ ಉತ್ತರ ಸಣ್ಣದು. ಶ್ರಾವಣದಲ್ಲಿ ನಮ್ಮೂರ ಗುಡಿಯಲ್ಲಿ ತಿಂಗಳಿಡೀ ಭಜನೆ ನಡೆಯುತ್ತದೆ. ಮಠದಲ್ಲಿ ಪುರಾಣ ಹಚ್ಚಿದರೆ ಗವಾಯಿಗೆ ತಬಲಾ ಸಾಥ್ ಬೇಕು. ಶರೀಫರ ತತ್ವಪದ ಹಾಡುವ ಮುದುಕರಿದ್ದಾರೆ, ಪೇಟಿ ಹಿಡಿಯುವ ಹುಡುಗರಿಲ್ಲ. ಅಲ್ಲಿ ಕೂತು ಸ್ವರಕ್ಕೆ ಸ್ವರ, ತಾಳಕ್ಕೆ ತಾಳ ಸೇರಿಸುವಷ್ಟು ಕಲಿತರೆ ನನ್ನ ರೊಕ್ಕ ವಸೂಲು. ಅದಕ್ಕಿಂತ ಮೇಲೆ ಹೋದರೆ ಅದು ಅವನ ಪುಣ್ಯ. ನೀವೂ ಮೊದಲು ನಿಮ್ಮ ಉತ್ತರ ಬರೆದಿಟ್ಟುಕೊಳ್ಳಿ. ಗುರಿ ಗೊತ್ತಿಲ್ಲದವರಿಗೆ ಫೀ ಯಾವಾಗಲೂ ಹೆಚ್ಚೇ ಅನ್ನಿಸುತ್ತದೆ.

ದನಿ ಒಡೆಯುವ ವಯಸ್ಸು

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಗಂಡುಮಕ್ಕಳ ಸಂಗೀತ ನಿಲ್ಲುವುದು ಹೆಚ್ಚಾಗಿ ಇಲ್ಲಿಯೇ.

ನಾನೂ ಹುಡುಗನಿದ್ದಾಗ ಮೂರು ವರ್ಷ ಹಾಡು ಕಲಿತೆ. ಹದಿನಾಲ್ಕಕ್ಕೆ ದನಿ ಒಡೆಯಿತು. ಮೇಲಿನ ಷಡ್ಜಕ್ಕೆ ಹೋದರೆ ದನಿ ಎರಡಾಗಿ ಸೀಳುತ್ತಿತ್ತು. ಮಾಸ್ತರರು ನಮ್ಮಪ್ಪನನ್ನು ಕರೆದು, "ಇವನ ದನಿ ಹೋತ್ರಿ, ಇನ್ನ ಸಾಕು ಮಾಡ್ರಿ" ಅಂದರು. ನಮ್ಮಪ್ಪ ಸಾಕು ಮಾಡಿದ. ಹದಿನೇಳರ ಹೊತ್ತಿಗೆ ದನಿ ಕೂಡಿಕೊಂಡಿತು, ಚಲೋನೇ ಕೂಡಿಕೊಂಡಿತು. ಅಷ್ಟರಲ್ಲಿ ನಾನು ಹತ್ತಿ ಅಂಡಿಗೆ ಹೇರುವ ಕೆಲಸದಲ್ಲಿದ್ದೆ.

ದನಿ ಹೋಗಿರಲಿಲ್ಲ, ಬದಲಾಗುತ್ತಿತ್ತು. ಹನ್ನೆರಡರಿಂದ ಹದಿನೈದರ ನಡುವೆ ಗಂಡುಮಕ್ಕಳ ಧ್ವನಿಪೆಟ್ಟಿಗೆ ಬೆಳೆದು ಕೊರಳಲ್ಲಿ ಗಂಟಿನಂತೆ ಮುಂದೆ ಬರುತ್ತದೆ. ಒಳಗಿನ ಧ್ವನಿತಂತುಗಳು ಉದ್ದವಾಗುತ್ತವೆ, ದಪ್ಪವಾಗುತ್ತವೆ. ದನಿ ಸುಮಾರು ಒಂದು ಸಪ್ತಕ ಕೆಳಗಿಳಿಯುತ್ತದೆ. ಕೆಲವರಿಗೆ ನಾಲ್ಕಾರು ತಿಂಗಳಲ್ಲಿ ಮುಗಿಯುವ ಕೆಲಸ, ಕೆಲವರಿಗೆ ವರ್ಷ ದಾಟುತ್ತದೆ. ಹೆಣ್ಣುಮಕ್ಕಳಿಗೂ ದನಿ ಬದಲಾಗುತ್ತದೆ, ಆದರೆ ಎರಡು ಮೂರು ಸ್ವರದಷ್ಟೇ ಇಳಿಯುವುದರಿಂದ ಮನೆಯವರ ಲಕ್ಷ್ಯಕ್ಕೆ ಬರುವುದಿಲ್ಲ. ಆಗ ಅವರ ದನಿಯಲ್ಲಿ ಉಸಿರು ಸೋರಿದಂತೆ ಕೇಳುತ್ತದೆ. ಅದನ್ನು "ಮನಸ್ಸಿಟ್ಟು ಹಾಡವಲ್ಲಳು" ಎಂದು ಬೈಯುವವರಿದ್ದಾರೆ.

ಪೇಟಿಯ ಭಾಷೆಯಲ್ಲಿ ಹೇಳಬೇಕೆಂದರೆ, ಸಣ್ಣ ಹುಡುಗನಿದ್ದಾಗ ಕರಿ ನಾಲ್ಕರ (ನಾಲ್ಕನೇ ಕರಿ ಮನೆಯ) ಆಸುಪಾಸಿನಲ್ಲಿ ಸಲೀಸಾಗಿ ಹಾಡುತ್ತಿದ್ದವನು ದನಿ ಒಡೆದ ಮೇಲೆ ಕರಿ ಒಂದಕ್ಕೋ ಬಿಳಿ ಎರಡಕ್ಕೋ ಬಂದು ನಿಲ್ಲುತ್ತಾನೆ. ನಡುವಿನ ದಿನಗಳಲ್ಲಿ ಅವನಿಗೆ ನೆಲೆಯೇ ಇರುವುದಿಲ್ಲ. ಆ ಹೊತ್ತಿನಲ್ಲೂ ಹಳೆಯ ಪಟ್ಟಿಯಲ್ಲೇ, ಅಂದರೆ ಹಳೆಯ ಶ್ರುತಿಯಲ್ಲೇ, ಹಾಡಿಸಿದರೆ ಹುಡುಗ ಚೀರುತ್ತಾನೆ, ಕೊರಳು ನೋಯುತ್ತದೆ, ಪಕ್ಕದವರು ನಗುತ್ತಾರೆ, ಅವನು ಕ್ಲಾಸಿಗೆ ಹೋಗುವುದನ್ನು ತಪ್ಪಿಸತೊಡಗುತ್ತಾನೆ. ಮನೆಯಲ್ಲಿ ನಾವು "ಆಸಕ್ತಿ ಹೋಯಿತು" ಎಂದುಕೊಳ್ಳುತ್ತೇವೆ.

ಸವಾಯಿ ಗಂಧರ್ವರದೂ ಸಲೀಸಾಗಿ ಒಲಿದ ದನಿಯಾಗಿರಲಿಲ್ಲ ಎಂದು ಸಂಗೀತ ಬಲ್ಲವರು ಹೇಳುತ್ತ ಬಂದಿದ್ದಾರೆ. ಗುರು ಅಬ್ದುಲ್ ಕರೀಮ್ ಖಾನರ ಹತ್ತಿರ ವರ್ಷಗಟ್ಟಲೆ ತಿದ್ದಿ ಪಳಗಿಸಿಕೊಂಡ ದನಿ ಅದು. ಗಂಗೂಬಾಯಿಯವರ ದನಿ ಗಂಟಲಿನ ಚಿಕಿತ್ಸೆಯಾದ ಮೇಲೆ ಪೂರಾ ಬದಲಾಗಿ ಗಂಡುದನಿಯಂತೆ ಗಡುಸಾಯಿತು. ಅವರು ಆ ದನಿಯಲ್ಲೇ ಹಾಡಿದರು. ಹೊಸ ದನಿ ಬಂದಾಗ ಅದಕ್ಕೆ ತಕ್ಕ ಹಾಡನ್ನು ಹೊಂದಿಸಿಕೊಡುವುದು ಗುರುವಿನ ಕೆಲಸ.

ಹಾಗಾದರೆ ಈ ವರ್ಷ ಏನು ಮಾಡಬೇಕು? ಪಟ್ಟಿ ಇಳಿಸಲು ಮಾಸ್ತರರಿಗೆ ಹೇಳಿ. ರಿಯಾಜು ಹದಿನೈದು ಇಪ್ಪತ್ತು ನಿಮಿಷಕ್ಕೆ ಸಾಕು, ಅದೂ ಮಂದ್ರದಲ್ಲಿ, ಒತ್ತಡವಿಲ್ಲದೆ. ಸ್ಪರ್ಧೆ, ಪ್ರತಿಭಾ ಕಾರಂಜಿ, ಗಣಪತಿ ಪೆಂಡಾಲಿನ ಹಾಡು ಒಂದು ವರ್ಷ ಬೇಡ. ಕಬಡ್ಡಿ ಮೈದಾನದಲ್ಲಿ ಒದರಿ ಬಂದ ದಿನ ರಿಯಾಜು ಬಿಡಿಸಿ. ಹಾಡಲು ನಾಚಿಕೆಪಟ್ಟರೆ ಆ ವರ್ಷ ಪೇಟಿಯನ್ನೋ ತಬಲಾವನ್ನೋ ಕಲಿಯಲಿ, ಕಿವಿ ಮತ್ತು ಲಯ ಬೆಳೆಯುತ್ತಲೇ ಇರುತ್ತವೆ. ದನಿ ಮೂರು ವಾರ ದಾಟಿದರೂ ಪೂರಾ ಕೂತೇ ಇದ್ದರೆ, ನುಂಗಲು ನೋವಿದ್ದರೆ, ಅದು ವಯಸ್ಸಿನ ಮಾತಲ್ಲ. ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಿ. ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದೇ ಹೆಸರಾದ ಸರ್ಕಾರಿ ಆಸ್ಪತ್ರೆಯಲ್ಲಿ ಆ ವಿಭಾಗ ಇದೆ.

ಒಂದು ದಿನ ಕ್ಲಾಸಿನಲ್ಲಿ ಕೂತು ನೋಡಿ

ಫೀ ಕೊಡುವ ನಾವು ಕ್ಲಾಸು ನೋಡಿರುವುದಿಲ್ಲ. ಮಗನನ್ನು ಬಾಗಿಲಲ್ಲಿ ಬಿಟ್ಟು ಸಂತೆ ಮಾಡಿಕೊಂಡು ಬರುವುದು ರೂಢಿ. ನಾನು ಒಂದು ಶನಿವಾರ ಮಾಸ್ತರರಿಗೆ ಮೊದಲೇ ಫೋನ್ ಮಾಡಿ, ಹಿಂದೆ ಗೋಡೆಗೆ ಆತು ಕೂತೆ.

ಹನ್ನೆರಡು ಮಕ್ಕಳು, ಒಂದು ತಾಸು. ಏಳು ಹುಡುಗಿಯರು, ಐದು ಹುಡುಗರು. ಎಲ್ಲರಿಗೂ ಒಂದೇ ಪಟ್ಟಿ, ಕರಿ ನಾಲ್ಕು. ಎಲ್ಲರೂ ಕೂಡಿ ಪಲಟಾ ಹಾಡಿದರು, ಆಮೇಲೆ ದುರ್ಗಾ ರಾಗದ ಒಂದು ಛೋಟಾ ಖ್ಯಾಲು. ಮಗನನ್ನೇ ನೋಡುತ್ತಿದ್ದೆ. ಮಧ್ಯಮದವರೆಗೆ ಬಾಯಿ ತೆರೆಯುತ್ತಿತ್ತು. ಪಂಚಮ ದಾಟಿದೊಡನೆ ತುಟಿ ಮಾತ್ರ ಅಲ್ಲಾಡುತ್ತಿತ್ತು, ದನಿ ಇಲ್ಲ. ಒಮ್ಮೆ ಮಾಸ್ತರರು "ನೀ ಒಬ್ಬನ ಹೇಳ್ಪಾ" ಅಂದರು. ಅವನು ಮೇಲಿನ ಷಡ್ಜ ಹಿಡಿದ, ದನಿ ಒಡೆಯಿತು, ಮುಂದಿನ ಸಾಲಿನಲ್ಲಿ ಇಬ್ಬರು ಬಾಯಿಗೆ ಕೈ ಹಿಡಿದುಕೊಂಡು ನಕ್ಕರು. ಮಗ ಚಾಪೆಯ ದಾರ ಕೀಳುತ್ತ ಕೂತ. "ಆಗವಲ್ದು" ಅಂದದ್ದು ಇದು.

ಸಂಗೀತ ಗೊತ್ತಿಲ್ಲದ ತಂದೆತಾಯಿಯೂ ಕ್ಲಾಸಿನಲ್ಲಿ ಕೆಲವು ಸಂಗತಿ ಗುರುತಿಸಬಹುದು. ನಿಮ್ಮ ಮಗು ಒಂಟಿಯಾಗಿ ಎಷ್ಟು ಹೊತ್ತು ಹಾಡಿತು, ಗಡಿಯಾರ ನೋಡಿ. ಹನ್ನೆರಡು ಮಕ್ಕಳ ಒಂದು ತಾಸಿನಲ್ಲಿ ಪಾಲಿಗೆ ಬರುವುದು ಐದೇ ನಿಮಿಷ. ಉಳಿದ ಹೊತ್ತು ಬೇರೆಯವರನ್ನು ಕೇಳುವುದೂ ಕಲಿಕೆಯೇ, ಆದರೆ ಆ ಐದು ನಿಮಿಷವೂ ಸಿಗದಿದ್ದರೆ ಮಾಸ್ತರರನ್ನು ಕೇಳಬೇಕಾಗುತ್ತದೆ. ಮಾಸ್ತರರು ತಪ್ಪು ತೋರಿಸಿ ಮತ್ತೆ ಹಾಡಿಸುತ್ತಾರೋ, "ಹ್ಞಾಂ, ಮುಂದ" ಎಂದು ದಾಟಿಸುತ್ತಾರೋ? ಎರಡು ವರ್ಷದ ಹಿಂದಿನ ಅದೇ ಭೂಪ, ಅದೇ ದುರ್ಗಾ ಇನ್ನೂ ನಡೆದಿದೆಯೋ? ಒಂದು ರಾಗವನ್ನೇ ವರ್ಷಗಟ್ಟಲೆ ತಿಕ್ಕುವುದು ತಪ್ಪಲ್ಲ, ಹಳಬರು ಹಾಗೆಯೇ ಕಲಿತರು. ಆದರೆ ಹಾಗೆ ತಿಕ್ಕಿದ ಹುಡುಗನ ಕೊರಳಲ್ಲಿ ಹೋದ ವರ್ಷಕ್ಕಿಂತ ಏನಾದರೂ ಹೆಚ್ಚಿಗೆ ಕೇಳಬೇಕು.

ಮನೆಯಲ್ಲಿ ಮಾಡುವ ಪರೀಕ್ಷೆ ಇನ್ನೂ ಸರಳ. ಮೊಬೈಲಿನಲ್ಲಿ ತಂಬೂರಿ ಹಚ್ಚಿ, ಕಣ್ಣು ಮುಚ್ಚಿ ಷಡ್ಜ ಹಿಡಿದು ನಿಲ್ಲು ಅನ್ನಿ. ದನಿ ತಂಬೂರಿಯಲ್ಲಿ ಕರಗಿದರೆ ನಿಮ್ಮ ಕಿವಿಗೇ ತಿಳಿಯುತ್ತದೆ. ಕೈಯಲ್ಲಿ ತೀನತಾಲದ ಹದಿನಾರು ಮಾತ್ರೆ ಹಾಕುತ್ತ ಹಾಡಲು ಹೇಳಿ, ಸಮ್ ಎಲ್ಲಿ ಬಂತು ಎಂದು ತೋರಿಸಲಿ. ಇನ್ನೊಂದು ಇದೆ, ನನಗೆ ಎಲ್ಲಕ್ಕಿಂತ ಮೆಚ್ಚಿನದು: ತಾನು ಕಲಿತದ್ದನ್ನು ತಂಗಿಗೋ ತಮ್ಮನಿಗೋ ಹೇಳಿಕೊಡಲಿ. ಹೇಳಿಕೊಡಲು ಬಂದರೆ ಕಲಿತಿದ್ದಾನೆ.

ಕ್ಲಾಸು ಸರಿ ಇಲ್ಲ ಅನ್ನಿಸಿದರೆ ಬಿಡಿಸಬೇಕಾದದ್ದು ಆ ಕ್ಲಾಸನ್ನು. ಸಂಗೀತವನ್ನೇ ಬಿಡಿಸಬೇಕಿಲ್ಲ. ಆದರೂ ಮಾಸ್ತರರ ಜೊತೆ ಒಮ್ಮೆ ಮಾತಾಡದೆ ಬದಲಿಸಬೇಡಿ. ನಮ್ಮ ಮಾಸ್ತರರು ಪಟ್ಟಿಯ ಮಾತು ಕೇಳಿ ಸಿಟ್ಟಾಗಲಿಲ್ಲ. "ಹೌದ್ರಿ, ನನ್ನ ಲಕ್ಷ್ಯಕ್ಕ ಬರಲಿಲ್ಲ, ಹನ್ನೆರಡು ಮಂದಿಯೊಳಗ ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ ಹಿಡಿಯೂದು ಹ್ಯಾಂಗ?" ಅಂದರು. ಅವರ ತಾಪತ್ರಯವೂ ಸುಳ್ಳಲ್ಲ.

ರೊಕ್ಕದ ಲೆಕ್ಕ, ಬಸ್ಸಿನ ಲೆಕ್ಕ

ಈಗ ಫೀ. ಒಂದು ಲೆಕ್ಕ ಹಾಕೋಣ, ಅಂಕಿಗಳನ್ನು ನಿಮ್ಮೂರಿಗೆ ತಕ್ಕಂತೆ ಬದಲಿಸಿಕೊಳ್ಳಿ. ತಿಂಗಳಿಗೆ ಫೀ 700 ರೂಪಾಯಿ. ವಾರಕ್ಕೆ ಎರಡು ದಿನ ಹುಬ್ಬಳ್ಳಿಗೆ ಹೋಗಿ ಬರಲು 80ರಂತೆ ಎಂಟು ಸಲಕ್ಕೆ 640. ಕೂಡಿದರೆ 1,340, ವರ್ಷಕ್ಕೆ 16,080. ಅರ್ಧದ ಹತ್ತಿರ ಹೋದದ್ದು ಬಸ್ಸಿಗೆ! ಇಂಥ ಮನೆಯಲ್ಲಿ "ಸಂಗೀತದ ಖರ್ಚು ತಾಳಲಾರೆವು" ಅನ್ನುವುದು ಪೂರಾ ನಿಜವಲ್ಲ. ವಾರಕ್ಕೆ ಎರಡರ ಬದಲು ಒಂದೇ ದಿನ, ಎರಡು ತಾಸಿನ ಪಾಠ ಎಂದು ಮಾಸ್ತರರು ಒಪ್ಪಿದರೆ ತಿಂಗಳಿಗೆ 320 ಉಳಿಯಿತು. ಹುಡುಗನ ಹೊತ್ತೂ ಉಳಿಯಿತು. ಬಸ್ಸಿಗೆ ಕಾಯುವುದು, ಹೋಗುವುದು, ಬರುವುದು ಸೇರಿ ಒಂದು ದಿನದ ಪಾಠಕ್ಕೆ ಮೂರು ತಾಸು ಬಸ್ಸಿಗೇ ಹೋಗುತ್ತದೆ.

ಅಣ್ಣಿಗೇರಿಯವರಿಗೂ ಕುಂದಗೋಳದವರಿಗೂ ರೈಲು ಇದೆ, ಟಿಕೀಟು ಬಸ್ಸಿಗಿಂತ ಅಗ್ಗ, ಹೊತ್ತು ಹೊಂದಬೇಕಷ್ಟೆ. ಅಣ್ಣಿಗೇರಿಯವರು ಹುಬ್ಬಳ್ಳಿಯನ್ನೇ ಹಿಡಿಯಬೇಕೆಂದಿಲ್ಲ, ಗದಗ ಹತ್ತಿರ. ನವಲಗುಂದ, ಕಲಘಟಗಿಯವರಿಗೆ ಬಸ್ಸೇ ಗತಿ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಪುಕ್ಕಟೆ. ಮೇಲಿನ ಲೆಕ್ಕದಲ್ಲಿ ಮಗಳಿದ್ದರೆ ವರ್ಷಕ್ಕೆ 7,680 ರೂಪಾಯಿ ಹಾಗೇ ಉಳಿಯುತ್ತದೆ.

ಒಕ್ಕಲುತನದ ಮನೆಗೆ ಇನ್ನೊಂದು ತೊಡಕು. ಫೀ ತಿಂಗಳ ಲೆಕ್ಕದ್ದು, ನಮ್ಮ ಕೈಗೆ ರೊಕ್ಕ ಬರುವುದು ಫಸಲಿನ ಲೆಕ್ಕದ್ದು. ಹೆಸರುಕಾಳು ಮಾರಿದಾಗೊಮ್ಮೆ, ಹಿಂಗಾರಿಯ ಕಡಲೆ, ಜೋಳ ಬಂದಾಗೊಮ್ಮೆ. ನಡುವೆ ಬಿತ್ತನೆ, ಗೊಬ್ಬರ. ಜುಲೈದಲ್ಲಿ ಫೀ ಬಾಕಿ ಬೀಳುತ್ತದೆ, ನಾಚಿಕೆಗೆ ಮಗುವನ್ನು ಎರಡು ವಾರ ಕಳಿಸುವುದಿಲ್ಲ, ಎರಡು ವಾರ ಎರಡು ತಿಂಗಳಾಗುತ್ತದೆ. ಹೀಗೆ ತಾನಾಗಿಯೇ ಬಿಟ್ಟುಹೋದ ಸಂಗೀತ ನಮ್ಮ ಹಳ್ಳಿಗಳಲ್ಲಿ ಬಹಳ ಇದೆ. ಬಾಯಿಬಿಟ್ಟು ಕೇಳಿ: "ಸರ್, ಸುಗ್ಗಿಗೆ ಒಮ್ಮೆಲೆ ಕೊಡ್ತೇವಿ, ನಡೀತೈತೇನ್ರಿ?" ಹಳ್ಳಿಯ ಹುಡುಗರಿಗೆ ಕಲಿಸುವ ಮಾಸ್ತರರು ಇದನ್ನು ಕೇಳದವರಲ್ಲ. ಒಪ್ಪಿದ ಮೇಲೆ ಮಾತ್ರ ಕಡಲೆ ಮಾರಿದ ದಿನವೇ ಕೊಟ್ಟುಬಿಡಬೇಕು, ಅವರ ಮನೆಯಲ್ಲೂ ಒಲೆ ಉರಿಯಬೇಕಲ್ಲ.

ವಾದ್ಯಕ್ಕೆ ಆತುರ ಬೇಡ. ಮೊದಲ ವರ್ಷ ಮೊಬೈಲಿನ ತಂಬೂರಿ ಸಾಕು. ಪೇಟಿ ಕೊಳ್ಳಲೇಬೇಕಾದರೆ ಹಳೆಯದನ್ನು ಹುಡುಕಿ, ಮಾಸ್ತರರನ್ನೇ ಕರೆದೊಯ್ದು ತಿದಿ ಸೋರುತ್ತದೆಯೇ, ಸ್ವರಗಳು ಕೂಡಿವೆಯೇ ಎಂದು ನೋಡಿಸಿ ಕೊಳ್ಳಿ.

ಮಗಳಾದರೆ

ಗಂಡುಮಕ್ಕಳ ಸಂಗೀತ ದನಿ ಒಡೆದಾಗ ನಿಂತರೆ ಹೆಣ್ಣುಮಕ್ಕಳದು "ದೊಡ್ಡಾಕಿ ಆದಳು" ಎಂದಾಗ ನಿಲ್ಲುತ್ತದೆ. ಕಾರಣ ಫೀ ಎಂದು ಹೇಳುತ್ತೇವೆ, ಒಳಗಿನ ಕಾರಣ ಸಂಜೆ ಏಳರ ಬಸ್ಸು. ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಿಂದ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಹೊತ್ತಾದಾಗ ಗುರುವಿನ ಮನೆಯಿಂದ ನಿಲ್ದಾಣದವರೆಗೆ ಭೀಮಸೇನ ಜೋಶಿ ಜೊತೆಗೆ ಬಂದು ಕಳಿಸಿಹೋಗುತ್ತಿದ್ದರಂತೆ. ಅಂದರೆ ಅವತ್ತೂ ಆ ಚಿಂತೆ ಇತ್ತು, ಅದಕ್ಕೊಂದು ವ್ಯವಸ್ಥೆಯೂ ಇತ್ತು. ನೀವೂ ವ್ಯವಸ್ಥೆಯನ್ನೇ ಹುಡುಕಿ: ಬೆಳಗಿನ ಪಾಳಿ, ಅದೇ ಊರಿನ ಇನ್ನೊಬ್ಬಳ ಜೊತೆ, ರಜೆ ದಿನದ ಪಾಠ. ಮಗಳಿಗೆ "ಸಾಕು" ಅನ್ನುವ ಮುನ್ನ ಅದೇ ವಯಸ್ಸಿನ ಮಗನಿಗೂ ಹಾಗೆಯೇ ಅನ್ನುತ್ತಿದ್ದಿರಾ ಎಂದು ಒಮ್ಮೆ ಯೋಚಿಸಿ. ಕ್ಲಾಸು ಎಲ್ಲಿ ನಡೆಯುತ್ತದೆ, ಬಾಗಿಲು ತೆರೆದಿರುತ್ತದೆಯೇ, ಬೇರೆ ಮಕ್ಕಳಿರುತ್ತಾರೆಯೇ ಎಂದು ಕಣ್ಣಾರೆ ನೋಡಿಬರುವುದು ಹುಡುಗ ಹುಡುಗಿ ಇಬ್ಬರ ವಿಷಯದಲ್ಲೂ ತಾಯಿತಂದೆಯ ಕೆಲಸ. ಅಲ್ಲೇನಾದರೂ ಹೊಂದದೆ ಮಗು ಹಿಂಜರಿದರೆ ಕಾರಣ ಕೇಳಿ ಪೀಡಿಸಬೇಡಿ, ಆ ದಿನದಿಂದಲೇ ನಿಲ್ಲಿಸಿ.

ಎಸ್ಸೆಸ್ಸೆಲ್ಸಿ ವರ್ಷ

ಎಸ್ಸೆಸ್ಸೆಲ್ಸಿಗಾಗಿ ಸಂಗೀತ ಬಿಡಿಸಬೇಕು ಅನ್ನುವುದೇ ನನ್ನ ಹೆಂಡತಿಯ ವಾದವಾಗಿತ್ತು, ಅವಳನ್ನು ನಾನು ತಪ್ಪೆನ್ನಲಾರೆ. ಆದರೆ ಸಂಗೀತ ಬಿಡಿಸಿದರೆ ಉಳಿಯುವ ಹೊತ್ತು ಗಣಿತಕ್ಕೆ ಹೋಗುತ್ತದೆ ಎಂಬ ಖಾತ್ರಿ ಯಾರು ಕೊಡುತ್ತಾರೆ? ಜನವರಿಯಲ್ಲಿ ಮಗ ಮೂರು ವಾರ ಕ್ಲಾಸಿಗೆ ಹೋಗಲಿಲ್ಲ. ಆ ಹೊತ್ತೆಲ್ಲ ಮೊಬೈಲಿಗೆ ಹೋಯಿತು, ನಾವಿಬ್ಬರೂ ನೋಡಿದ್ದೇವೆ. ಹತ್ತನೆಯ ವರ್ಷಕ್ಕೆ ನನಗೆ ಸರಿ ಕಂಡದ್ದು ಹೀಗೆ: ಜೂನ್‌ದಿಂದ ನವೆಂಬರವರೆಗೆ ವಾರಕ್ಕೊಂದೇ ಪಾಠ, ಡಿಸೆಂಬರದಿಂದ ಪರೀಕ್ಷೆ ಮುಗಿಯುವವರೆಗೆ ಕ್ಲಾಸು ಬಂದ್, ಮನೆಯಲ್ಲಿ ದಿನಕ್ಕೆ ಹದಿನೈದು ನಿಮಿಷ. ಇದನ್ನು ಜೂನ್‌ದಲ್ಲೇ ಮಾಸ್ತರರಿಗೆ ಹೇಳಿಬಿಡಬೇಕು, ಏಪ್ರಿಲ್‌ದಲ್ಲಿ ಮರಳಿ ಬರುವ ತಾರೀಖನ್ನೂ ಹೇಳಬೇಕು. ತಾರೀಖು ಇಲ್ಲದ ರಜೆಯಿಂದ ಯಾರೂ ಮರಳಿ ಬಂದದ್ದನ್ನು ಕಾಣೆ.

ಸಂಗೀತದ ಪರೀಕ್ಷೆಗಳನ್ನು ಈ ವರ್ಷ ಕಟ್ಟಿಸಬೇಡಿ. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆ ಪ್ರಾರಂಭಿಕದಿಂದ ವಿಶಾರದ ಪೂರ್ಣದವರೆಗೆ ಏಳು ಮೆಟ್ಟಿಲು. ಹದಿಮೂರಕ್ಕೆ ಶುರು ಮಾಡಿ ವರ್ಷಕ್ಕೊಂದರಂತೆ ಹತ್ತಿದರೂ ಪಿಯುಸಿ ದಾಟಿಯೇ ಹೋಗುತ್ತದೆ. ಅವಸರ ಪಟ್ಟು ಫಲವಿಲ್ಲ. ಪ್ರಮಾಣಪತ್ರಕ್ಕಾಗಿ ಅದೇ ನಾಲ್ಕು ಬಂದಿಶುಗಳನ್ನು ಬಾಯಿಪಾಠ ಮಾಡಿಸುವ ಕ್ಲಾಸುಗಳಿವೆ. ಗೋಡೆಯ ಮೇಲೆ ಕಟ್ಟು ಹಾಕಿಸಿದ ಸರ್ಟಿಫಿಕೇಟು, ಮೂಲೆಯಲ್ಲಿ ಮುಚ್ಚಿದ ಪೇಟಿ, ಇಂಥ ಮನೆಗಳೂ ಇವೆ.

ಹುಡುಗ ನಿಜವಾಗಿಯೂ ಹಸಿದಿದ್ದಾನೆ, ನಿಮಗೆ ಕೊಡಲಾಗುತ್ತಿಲ್ಲ ಅನ್ನುವುದಾದರೆ ದಾರಿಗಳಿವೆ. ಕೇಂದ್ರ ಸರ್ಕಾರದ ಸಿಸಿಆರ್‌ಟಿ ಸಂಸ್ಥೆ 10ರಿಂದ 14 ವರ್ಷದ ಮಕ್ಕಳಿಗೆ ಸಾಂಸ್ಕೃತಿಕ ಪ್ರತಿಭಾ ವಿದ್ಯಾರ್ಥಿವೇತನ ಕೊಡುತ್ತದೆ: ವರ್ಷಕ್ಕೆ 3,600 ರೂಪಾಯಿ, ಜೊತೆಗೆ ಗುರುವಿಗೆ ಕೊಟ್ಟ ಫೀಯಲ್ಲಿ 9,000ದವರೆಗೆ ಮರುಪಾವತಿ. ಹದಿನಾಲ್ಕು ದಾಟಿದ ಮೇಲೆ ನೆನಪಾದರೆ ಉಪಯೋಗವಿಲ್ಲ, ಏಳು ಎಂಟನೇ ಇಯತ್ತೆಯಲ್ಲೇ ಅರ್ಜಿ ಹಾಕಿ. ಗದಗದ ವೀರೇಶ್ವರ ಪುಣ್ಯಾಶ್ರಮ, ಪಂಚಾಕ್ಷರಿ ಗವಾಯಿಗಳು ಕಟ್ಟಿ ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿದ ಜಾಗ, ಅಂಧ ಮತ್ತು ಬಡ ಮಕ್ಕಳಿಗೆ ಊಟ ವಸತಿ ಕೊಟ್ಟು ಕಲಿಸುತ್ತ ಬಂದಿದೆ. ಹುಬ್ಬಳ್ಳಿಯ ಉಣಕಲ್‌ನಲ್ಲಿ ಗಂಗೂಬಾಯಿ ಹಾನಗಲ್ ಗುರುಕುಲ ಇದೆ. ಪಿಯುಸಿಯಲ್ಲಿ ಹಿಂದೂಸ್ತಾನಿ ಸಂಗೀತವನ್ನು ಒಂದು ವಿಷಯವಾಗಿ ಓದಬಹುದು, ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗ ಇದೆ.

ನಿಲ್ಲಿಸುವುದಾದರೆ

ಇಷ್ಟೆಲ್ಲ ಸರಿಮಾಡಿದ ಮೇಲೂ, ಅಂದರೆ ಪಟ್ಟಿ ಇಳಿಸಿ, ಬಸ್ಸು ಹೊಂದಿಸಿ, ಬೇಕಿದ್ದರೆ ವಾದ್ಯ ಬದಲಿಸಿ ನೋಡಿದ ಮೇಲೂ, ಮಗುವಿಗೆ ಮನಸ್ಸಿಲ್ಲದಿರಬಹುದು. ನನ್ನ ಅಳತೆ ಇದು. ಗೋಡೆಯ ಕ್ಯಾಲೆಂಡರಿನಲ್ಲಿ, ಯಾರೂ ಹೇಳದೆ ಅವನಾಗಿ ಪೇಟಿಯನ್ನೋ ತಬಲಾವನ್ನೋ ತೆಗೆದ ದಿನಕ್ಕೆ ಒಂದು ಗೆರೆ. ನಾವು ಬೈದು ತೆಗೆಸಿದ ದಿನ ಲೆಕ್ಕಕ್ಕಿಲ್ಲ. ತಿಂಗಳಿಗೆ ಎಂಟು ಗೆರೆ ಬಿದ್ದರೆ ಫೀ ಕೊಡುವುದು, ಮೂರು ತಿಂಗಳು ಸತತ ನಾಲ್ಕರೊಳಗೇ ನಿಂತರೆ ನಿಲ್ಲಿಸುವುದು. ನಡುವಿನದಕ್ಕೆ ಇನ್ನೊಂದು ತಿಂಗಳು ಕಾಯುವುದು. ಎಷ್ಟು ಚಂದ ಹಾಡಿದ ಅನ್ನುವುದನ್ನು ನಾನು ಇದರಲ್ಲಿ ಸೇರಿಸಿಲ್ಲ, ಬೇಕೆಂದೇ.

ನಿಲ್ಲಿಸುವ ರೀತಿ ಒಂದಿದೆ, ನಾವು ಅದನ್ನು ಮರೆತಿದ್ದೇವೆ. ಫೋನ್ ಎತ್ತದೆ, ದಾರಿಯಲ್ಲಿ ಮಾಸ್ತರರು ಕಂಡರೆ ಕಿರಾಣಿ ಅಂಗಡಿಯೊಳಗೆ ಹೊಕ್ಕು ತಪ್ಪಿಸಿಕೊಳ್ಳುವುದು ಈಗಿನ ರೂಢಿ. ಬಾಕಿ ಇದ್ದರೆ ಪೂರಾ ತೀರಿಸಿ, ನಡೆದ ತಿಂಗಳಿನದೂ ಸೇರಿಸಿ. ಎಲೆ ಅಡಿಕೆ, ಒಂದು ತೆಂಗಿನಕಾಯಿ ತೆಗೆದುಕೊಂಡು ಮಗುವನ್ನೂ ಕರೆದೊಯ್ಯಿರಿ. ಕಾಲಿಗೆ ನಮಸ್ಕಾರ ಮಾಡಿ, "ಸದ್ಯ ಬಿಡ್ತಾನ್ರಿ, ಮುಂದ ಮನಸು ಬಂದರ ಬರ್ತಾನ" ಎಂದು ಮಗುವಿನ ಎದುರಿಗೇ ಹೇಳಿ. ಮೂವತ್ತರ ಮೇಲೆ ಮತ್ತೆ ಕಲಿಯಲು ಬಂದವರಿದ್ದಾರೆ, ಅವರು ಹಳೆಯ ಗುರುವಿನ ಬಾಗಿಲಿಗೇ ಬರುತ್ತಾರೆ. ಮನೆಗೆ ಬಂದ ಮೇಲೆ "ಇಷ್ಟು ರೊಕ್ಕ ಸುರಿದೆವು" ಎಂಬ ಮಾತು ಬೇಡ. ಪೇಟಿಯನ್ನು ಒಂದು ವರ್ಷ ಮಾರಬೇಡಿ. ತಿಂಗಳಿಗೊಮ್ಮೆ ಬಿಚ್ಚಿ ತಿದಿ ಎಳೆದಿಡಿ, ಇಲಿ ಹೊಗದಂತೆ ನೆಲದಿಂದ ಎತ್ತರಕ್ಕಿಡಿ.

ನಮ್ಮ ಮನೆಯಲ್ಲಿ ಏನಾಯಿತು ಎಂದು ಕೇಳುವವರಿಗೆ: ಪೇಟಿಯ ಆ ಕೂತ ಮನೆಯನ್ನು ರಿಪೇರಿ ಮಾಡಿಸಿದೆವು, 300 ರೂಪಾಯಿ ಆಯಿತು. ಹಾಡು ಸದ್ಯ ನಿಂತಿದೆ. ಅದೇ ಮಾಸ್ತರರ ಹತ್ತಿರ ಮಗ ಈಗ ತಬಲಾ ಕಲಿಯುತ್ತಿದ್ದಾನೆ, ಭಾನುವಾರ ಬೆಳಗಿನ ಏಳೂವರೆ ಬಸ್ಸಿಗೆ ಹೋಗುತ್ತಾನೆ. ಕಳೆದ ತಿಂಗಳು ಕ್ಯಾಲೆಂಡರಿನಲ್ಲಿ ಬಿದ್ದದ್ದು ಹನ್ನೊಂದು ಗೆರೆ. ಜೂನ್‌ವರೆಗೆ ಫೀ ಕೊಡುವುದೆಂದು ಗಂಡಹೆಂಡಿರು ಮಾತಾಡಿಕೊಂಡಿದ್ದೇವೆ, ಮುಂದಿನದನ್ನು ಜೂನ್‌ದಲ್ಲಿ ನೋಡುವುದು.